ಪೆಟ್ಟು ಮಾಡಿಕೊಂಡವನು

ನಮ್ಮ ಮಗ ಸಿದ್ಧಾರ್ಥ್‌ನ ಬಲಗಣ್ಣಿನ ಒಳಪದರ ಕಿತ್ತು ಬಂದಿತ್ತು. ಇವತ್ತೇ ಆಪರೇಷನ್ ಆದರೆ ದೃಷ್ಟಿ ಉಳಿಯಬಹುದು, ತಡವಾದರೆ ಏನೂ ಹೇಳಲಾಗದು ಎಂದು ಕಣ್ಣಿನ ಡಾಕ್ಟರು ಹೇಳಿ ಹೋಗಿದ್ದರು. ಇನ್ಶೂರೆನ್ಸ್ ಕಂಪನಿಯವರು ಮಾತ್ರ ಆಗುವುದಿಲ್ಲ ಎಂದುಬಿಟ್ಟಿದ್ದರು. ತಾನಾಗಿಯೇ ಮಾಡಿಕೊಂಡ ಗಾಯಕ್ಕೆ ಪಾಲಿಸಿ ಅನ್ವಯಿಸುವುದಿಲ್ಲವಂತೆ. ನಾವೇ ಕಟ್ಟಿ ಮುಗಿಸುವಷ್ಟು ದುಡ್ಡು ಕೈಯಲ್ಲಿರಲಿಲ್ಲ. ನನ್ನ ಗಂಡ ಈರೇಶ್ ಆಫೀಸಿನವರಿಗೆ ಫೋನ್ ಹಚ್ಚಿಕೊಂಡು ಕಾರಿಡಾರಿನಲ್ಲಿ ಸುತ್ತು ಹೊಡೆಯುತ್ತಿದ್ದರು. ನನಗೆ ಕೂತರೂ ಸಂಕಟ, ನಿಂತರೂ ಸಂಕಟ.

ಆದದ್ದಿಷ್ಟು. ಹಿಂದಿನ ದಿನ ನಾನು ಕೆಲಸದಲ್ಲಿದ್ದಾಗ ನಮ್ಮತ್ತೆ ಸಿದ್ದಮ್ಮ ಅವನನ್ನು ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಅವರ ಕಣ್ಣೆದುರಿಗೇ ಅವನು ಓಡಿಹೋಗಿ ಜೋಕಾಲಿಯ ಕಬ್ಬಿಣದ ಕಂಬಕ್ಕೆ ಮುಖ ಬಡಿಸಿಕೊಂಡಿದ್ದ. ಆಟೋ ಹಿಡಿದು ಆಸ್ಪತ್ರೆಗೆ ತಂದವರೂ ಅವರೇ. ಡ್ಯೂಟಿ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಏನಾಯಿತು ಎಂದು ನರ್ಸ್ ಕೇಳಿದಾಗ ಅತ್ತೆ, “ಕಣ್ಣಿಗೆ ಪೆಟ್ಟು ಮಾಡ್ಕೊಂಡಾನ್ರಿ” ಅಂದರು. ನರ್ಸ್ ಅದನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿದಳು. ಡಾಕ್ಟರು ಹಳೆಯ ಚೀಟಿಯಲ್ಲಿದ್ದ ಆಟಿಸಂ ಎಂಬ ಪದ ನೋಡಿದರು, ಹುಡುಗ ತನಗೆ ತಾನೇ ಹೊಡೆದುಕೊಂಡಿದ್ದಾನೆ ಎಂದು ಬರೆದು ಮುಗಿಸಿದರು.

ಕನ್ನಡದಲ್ಲಿ ಇನ್ನು ಹೇಗೆ ಹೇಳಬೇಕಿತ್ತು? ನಾವು ಬಿದ್ದು ಕಾಲು ಮುರಿದುಕೊಳ್ಳುತ್ತೇವೆ, ಒಗ್ಗರಣೆ ಹಾಕುವಾಗ ಕೈ ಸುಟ್ಟುಕೊಳ್ಳುತ್ತೇವೆ, ಬಾಗಿಲಿಗೆ ಬೆರಳು ಸಿಕ್ಕಿಸಿಕೊಳ್ಳುತ್ತೇವೆ. ಯಾರೂ ಬೇಕೆಂದು ಮಾಡಿಕೊಳ್ಳುವುದಿಲ್ಲ. ಬೇರೆ ಮನೆಯ ಮಗುವಾಗಿದ್ದರೆ ಬಿದ್ದ ಅಂತಲೇ ಬರೆಯುತ್ತಿದ್ದರು. ನನ್ನ ಮಗನಾದ್ದರಿಂದ ತನಿಖೆ.

“ನಾ ಏನ್ ತಪ್ಪು ಹೇಳೀನವಾ?” ಎಂದು ಅತ್ತೆ ಬೆಳಗಿನಿಂದ ಕೇಳುತ್ತಲೇ ಇದ್ದರು. ಏನೂ ಇಲ್ಲ ಎನ್ನುವಷ್ಟು ತಾಳ್ಮೆಯೂ ನನ್ನಲ್ಲಿ ಉಳಿದಿರಲಿಲ್ಲ.

ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಮುನೀಂದ್ರ ಅಂತ ಒಬ್ಬರಿದ್ದರು. ನನ್ನ ಕಾಟ ತಾಳಲಾರದೆಯೋ ಏನೋ, ಕಂಪನಿಯ ಡಾಕ್ಟರಿಗೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಆ ಡಾಕ್ಟರು ಕನ್ನಡದವರು, ದನಿಯೂ ಮೆತ್ತಗಿತ್ತು. ಇಂಥ ಮಕ್ಕಳು ತಲೆ ಚಚ್ಚಿಕೊಳ್ಳುವುದು ಸಹಜವಲ್ಲವೇ ಎಂದು ಶುರು ಮಾಡಿದರು. ಸಿಟ್ಟು ಬಂದಾಗ ನಮ್ಮ ಸಿದ್ದು ತಲೆ ಚಚ್ಚಿಕೊಳ್ಳುತ್ತಾನೆ, ಸುಳ್ಳೇಕೆ ಹೇಳಲಿ. ಆದರೆ ನಿನ್ನೆ ಅವನು ಖುಷಿಯಲ್ಲಿ ಓಡಿದ್ದ. ಅದನ್ನು ಹೇಳಿದೆ. ಅತ್ತೆ ನೋಡಿದ್ದನ್ನೂ ಹೇಳಿದೆ. ಅಜ್ಜಿ ಹೇಳಿದ್ದೇ ಬರವಣಿಗೆಯಲ್ಲಿದೆ ಎಂದರು ಅವರು.

“ಸಾರ್, ನೀವು ಯಾವತ್ತಾದ್ರೂ ಕೈಕಾಲು ಮುರ್ಕೊಂಡಿದ್ದೀರಾ?”

“ಕಾಲೇಜಲ್ಲಿ ಬೈಕಿಂದ ಬಿದ್ದು ಕೈ ಮುರ್ಕೊಂಡಿದ್ದೆ. ಯಾಕೆ ಮೇಡಂ?”

“ಬೇಕೂ ಅಂತ ಮುರ್ಕೊಂಡ್ರಾ?”

ಇಲ್ಲ ಬಿಡಿ ಎಂದು ಅವರು ನಕ್ಕರು. ಗೆದ್ದೆ ಅಂದುಕೊಂಡೆ. ಆಮೇಲೆ ಅವರು, ಹುಡುಗನಿಗೆ ಎಂಟು ವರ್ಷ ಅಲ್ಲವೇ, ಅವನ ಬಾಯಿಂದಲೇ ಕೇಳಿಬಿಡುತ್ತೇನೆ, ಅವನೂ ಹಾಗೇ ಹೇಳಿದರೆ ತೀರ್ಮಾನ ಬದಲಾಯಿಸಬಹುದು ಎಂದರು.

ಸಿದ್ದು ಮಾತಾಡುತ್ತಾನೆ, ಆದರೆ ಹೆಚ್ಚಾಗಿ ನಾವು ಕೊನೆಗೆ ಆಡಿದ ಮಾತನ್ನೇ ತಿರುಗಿ ಆಡುತ್ತಾನೆ. ಅನ್ನ ಬೇಕಾ, ರೊಟ್ಟಿ ಬೇಕಾ ಅಂದರೆ ರೊಟ್ಟಿ ಬೇಕಾ ಅನ್ನುತ್ತಾನೆ. ಅದಕ್ಕೇ ಮನೆಯಲ್ಲಿ ಏನನ್ನೇ ಆಗಲಿ ಹಿಂದುಮುಂದು ಮಾಡಿ ಎರಡು ಸಲ ಕೇಳುತ್ತೇವೆ. ಎರಡೂ ಸಲ ರೊಟ್ಟಿ ಅಂದರೆ ಮಾತ್ರ ಅವನಿಗೆ ರೊಟ್ಟಿ ಬೇಕು ಅಂತ. ಈ ಮನುಷ್ಯ ನೀನೇ ಹೊಡ್ಕೊಂಡ್ಯಾ ಎಂದು ಕೇಳಿದರೆ ಹೊಡ್ಕೊಂಡ್ಯಾ ಎಂದೇ ಬರುತ್ತದೆ, ಅಲ್ಲಿಗೆ ಅವನ ಕಣ್ಣು ಹೋದಂತೆಯೇ. ಇದನ್ನೆಲ್ಲ ಬಿಡಿಸಿ ಹೇಳಿದರೆ ಮಗುವಿನ ಮಾತು ನಂಬುವಂತಿಲ್ಲ ಎಂದು ಬರೆದುಕೊಳ್ಳುತ್ತಾರೆ.

“ಅವನಿಗೆ ಎರಡರಲ್ಲಿ ಒಂದು ಅಂತ ಕೇಳಿದ್ರೆ ಅರ್ಥ ಆಗುತ್ತೆ ಸಾರ್,” ಎಂದೆ. “ನೀನೇ ಹೊಡ್ಕೊಂಡ್ಯಾ, ಕಂಬ ತಾಗ್ತಾ ಅಂತ ಕೇಳಿ. ಇದೇ ಥರ ಕೇಳಿ.”

ವಾರ್ಡಿಗೆ ಓಡಿ ಸ್ಪೀಕರ್ ಹಾಕಿ ಅವನ ಬಾಯಿಯ ಹತ್ತಿರ ಹಿಡಿದೆ. ಆ ಡಾಕ್ಟರು ಪುಣ್ಯಾತ್ಮರು, ಹೇಳಿದ ಹಾಗೇ ಕೇಳಿದರು.

“ಕಂಬ ತಾಗ್ತಾ,” ಎಂದ ನನ್ನ ಮಗ.

ಇನ್ನೊಂದು ಪ್ರಶ್ನೆ ಬರುವ ಮೊದಲೇ ಫೋನ್ ಎಳೆದುಕೊಂಡು, ಕೇಳಿಸಿತಲ್ಲ ಸಾರ್ ಅಂದೆ. ಅತ್ತೆ ನನ್ನ ಮುಖ ನೋಡಿದರು. ಅವರಿಗೂ ಗೊತ್ತಿತ್ತು. ಹೇಳಿಸಿದ್ದು ಸತ್ಯವನ್ನೇ, ಆದರೂ ನನಗೆ ನಾಚಿಕೆಯಾಯಿತು. ಏನಾಯಿತು ಎಂದು ಅವನನ್ನೇ ಕೇಳುವವರು ಒಬ್ಬರು ಸಿಕ್ಕಿದ್ದರು, ಆ ಹೊತ್ತಿನಲ್ಲೂ ನಾನು ನನ್ನ ಮಾತನ್ನೇ ಅವನ ಬಾಯಿಗೆ ತುರುಕಿದ್ದೆ.

ಒಪ್ಪಿಗೆ ಬಂತು. ಮುನೀಂದ್ರ ಮೆಟ್ಟಿಲು ಹತ್ತಿ ಬಂದು ತಾವೇ ಹೇಳಿದರು. ಈರೇಶ್ ಗೋಡೆಗೆ ಒರಗಿ ಅತ್ತರು. ಅಳುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ, ಥಿಯೇಟರಿಗೆ ಕರೆದೊಯ್ಯಲು ಸ್ಟ್ರೆಚರ್ ಆಗಲೇ ಬಂದಿತ್ತು.

ಬಾಗಿಲಲ್ಲಿ ಹಸಿರು ಟೋಪಿಯ ನರ್ಸ್ ಒಬ್ಬಳು ಬಗ್ಗಿ, ಪ್ರೀತಿಯಿಂದಲೇ, “ನೋವಿದ್ಯಾ ಪುಟ್ಟಾ, ಇಲ್ವಾ?” ಎಂದು ಕೇಳಿದಳು.

“ಇಲ್ವಾ,” ಎಂದ ಸಿದ್ದು.

ಜಾಣ ಎಂದು ಅವನ ಕೆನ್ನೆ ಮುಟ್ಟಿ, ನೋವಿಲ್ಲ ಎಂದು ಬರೆಯಲು ಹೊರಟಳು. ನಾನು ಅವಳ ಕೈ ಹಿಡಿದುಕೊಂಡೆ. ಮಗುವೇ ಇಲ್ಲ ಅಂತಿದೆಯಲ್ಲ ಅಕ್ಕಾ ಎಂದಳು.

“ಅದು ನಿಮ್ಮ ಮಾತು ಸಿಸ್ಟರ್, ಅವನದಲ್ಲ,” ಎಂದು ಹೊದಿಕೆ ಸರಿಸಿ ಅವನ ಪಾದ ತೋರಿಸಿದೆ. ಕಾಲಿನ ಬೆರಳುಗಳನ್ನೆಲ್ಲ ಅವನು ಬೆಳ್ಳಗಾಗುವಷ್ಟು ಬಿಗಿಯಾಗಿ ಮಡಚಿಕೊಂಡಿದ್ದ.