ಮೂಗು ಬಿಟ್ಟು ಸುತ್ತಿ
ಟಿಶ್ಯೂ ಕಾಗದ ಪರ್ರೆಂದು ಹರಿಯಿತು, ಮಿಸ್, ಇವಳು ನಗ್ತಾಳೆ, ಮಮ್ಮಿ ಅಂದ್ರೆ ಹೆಣ, ನಗಬಾರ್ದಲ್ವಾ, ಬೆಂಚಿನ ಮೇಲೆ ಮಲಗಿದವಳು ಐದನೇ ತರಗತಿಯ ಮಾತಿನಮಲ್ಲಿ, ಈಜಿಪ್ಟಿನ ರಾಣಿ ನಾನೇ ಆಗ್ತೀನಿ ಎಂದು ವಾರದಿಂದ ಜೀವ ತಿಂದವಳು, ಈಗ ಸೊಂಟದ ತನಕ ಬೆಳ್ಳಗೆ ಸುತ್ತಿಸಿಕೊಂಡಿದ್ದಾಳೆ, ಬಿಗಿ ಬೇಡ್ರೇ, ಮುಖಕ್ಕೆ ಬಂದಾಗ ಮೂಗು ಬಿಟ್ಟು ಸುತ್ತಿ, ಡ್ರಾಯಿಂಗ್ ಮಿಸ್ ಹೇಳಿದಳು, ತನ್ನದೇ ದನಿಯೇ ಇದು, ಇಷ್ಟು ನೆಟ್ಟಗೆ ಹೇಗೆ ಬಂತು, ಉಗುರಿನ ಸಂದಿಯಲ್ಲಿ ಕೆಂಪು — ಬಣ್ಣ, ಬಣ್ಣವೇ ಇರಲಿ — ಎಡಗಿವಿಯಲ್ಲಿ ಗುಂಯ್ ಎನ್ನುವುದು ಇನ್ನೂ ನಿಂತಿಲ್ಲ, ಬೆಳಿಗ್ಗೆ ಗಂಡನ ಏಟು ಮೊದಲು ಬಿದ್ದದ್ದು ಅಲ್ಲಿಗೇ, ಅಡುಗೆಮನೆ ಕಟ್ಟೆಯ ಮೇಲೆ ಕ್ಲಾಸಿನ ಮಕ್ಕಳು ಮಾಡಿದ ಜಾಡಿಗಳು ಒಣಗುತ್ತಿದ್ದವು, ಈಜಿಪ್ಟಿನವರು ಸತ್ತವರ ಕರುಳು, ಶ್ವಾಸಕೋಶ ತುಂಬಿಡುತ್ತಿದ್ದಂಥ ಜಾಡಿಗಳು, ಮುಚ್ಚಳಕ್ಕೆ ನರಿಯ ತಲೆ, ಕೋತಿಯ ತಲೆ, ಒಂದೊಂದನ್ನೇ ಎತ್ತಿ ನೆಲಕ್ಕೆ ಬಡಿದ, ನನ್ನ ಮನೇಲಿ ಹೆಣದ ಸಾಮಾನಾ, ಫಳಾರ್, ತಟ್ಟೆ ಇಡೋಕೆ ಜಾಗ ಇಲ್ಲ, ಇದಕ್ಕೆ ಇದೆ, ಫಳಾರ್, ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ, ಅವಳ ತಲೆಯ ಎಣ್ಣೆ ಕಲೆಯಾಗಿ ಕೂತ ಗೋಡೆ, ಪ್ರತಿಸಲವೂ ಅದೇ ಜಾಗ, ಕೈಗೆ ಸಿಕ್ಕಿದ್ದು ನರಿಯ ತಲೆ, ಪ್ಲಾಸ್ಟರಿನ ಗಟ್ಟಿ ಗುಂಡು, ಬೀಸಿದಳು, ಅವನು ಕುಸಿದ ಮೇಲೆ ಇನ್ನೊಮ್ಮೆ, ಎರಡನೆಯದು ಬೇಕಿರಲಿಲ್ಲ, ಬೇಕಿತ್ತು, ಬೇಕೇ ಬೇಕಿತ್ತು, ಎಷ್ಟು ಹಾಯೆನಿಸಿತ್ತು —

ಮಿಸ್, ಮಿದುಳನ್ನ ಮೂಗಿನಿಂದ ಎಳೀತಿದ್ರಂತೆ, ನಿಜವಾ, ಹೂಂ ಕಣೇ, ಕೊಕ್ಕೆ ಹಾಕಿ, ಥೂ, ಕ್ಲಾಸೆಲ್ಲ ಖುಷಿಯಿಂದ ಕಿರುಚುತ್ತದೆ, ಅವನು ಒಲೆಯ ಕಟ್ಟೆಯ ಬುಡದಲ್ಲಿ ಬಿದ್ದಿದ್ದ, ಅರೆತೆರೆದ ಕಣ್ಣು ಅವಳನ್ನೇ ನೋಡುತ್ತಿತ್ತು, ನೋಡಬೇಡ, ಇನ್ನು ನನ್ನನ್ನು ನೋಡಲೇಬೇಡ, ರಕ್ತದ ಕೈ ಒರೆಸಿದ ಒದ್ದೆ ಟವೆಲ್ಲನ್ನು ಅವನ ಮುಖಕ್ಕೆ ಹಾಕಿದಳು, ಪೂರ್ತಿ, ಬಾಗಿಲಿಗೆ ಬೀಗ, ಬಸ್ಸು, ಹಾಜರಿ, ಎದ್ದರೆ ನನ್ನನ್ನು ಮುಗಿಸಿಯೇ ಬಿಡುತ್ತಾನೆ, ಏಳದಿದ್ದರೆ, ಏಳದಿರಲಿ, ದೇವರೇ, ಏಳಲಿ, ಮಿಸ್, ಮುಗೀತು, ಬನ್ನಿ ನೋಡಿ, ಮೂಗು ಬಿಟ್ಟಿದೀವಿ, ಬಗ್ಗಿದಳು, ಕಣ್ಣಿಲ್ಲ, ಕೆನ್ನೆಯಿಲ್ಲ, ಬಾಯಿಯ ಮೇಲೊಂದು ತೆಳ್ಳನೆಯ ಪದರ, ಅದು ಒಳಗೆ ಹೋಗುತ್ತದೆ, ಉಬ್ಬುತ್ತದೆ, ಒಳಗೆ, ಮೇಲೆ, ಮಿಸ್, ಯಾಕೆ ಅಳ್ತಿದೀರಾ, ಹೊಸಿಲಲ್ಲಿ ನಿಂತು ತಿರುಗಿ ನೋಡಿದ್ದಳಲ್ಲ, ಟವೆಲ್ಲು ಅಲ್ಲಾಡಿತ್ತು, ಫ್ಯಾನಿನ ಗಾಳಿ ಎಂದುಕೊಂಡು ಬೀಗ ತಿರುಗಿಸಿದ್ದಳು, ಅಡುಗೆಮನೆಯಲ್ಲಿ ಫ್ಯಾನೇ ಇಲ್ಲ, ಒದ್ದೆ ಟವೆಲ್ಲು ಬಾಯಿಯ ಹತ್ತಿರ ಒಳಗೆ ಹೋಗಿತ್ತು, ಉಬ್ಬಿತ್ತು, ಒಳಗೆ ಹೋಗಿತ್ತು,