ಒದ್ದೆ ಕುರಿಯ ಚೀಟಿ

"ಏಳೋ ಮುದಿ ಕತ್ತೆ! ಗಂಟೆ ಹೊಡ್ದಾಗ ನಿನ್ನ ಜಾಗ ಖಾಲಿ ಇತ್ತೋ, ಗೇಟ್ ಹತ್ರ ಒಬ್ಬ ಕೆಲ್ಸ ಕೇಳ್ಕೊಂಡು ಕೂತವ್ನೆ, ಅವ್ನ ಕೈಗೆ ಕತ್ತರಿ ಕೊಡ್ತೀನಿ!"

ಕುರಿಗಳ ಯಜಮಾನ ಹೇವರ್‌ಸ್ಟಾಕ್ ಕೆಲಸಗಾರರ ಗುಡಿಸಲಿಗೆ ನುಗ್ಗಿ ಬೂಟುಗಾಲಿನಿಂದ ಮಂಚಕ್ಕೆ ಒದ್ದ. ಮಂಚದ ಮೇಲೆ ಮುದುಕ ಡಿನ್ನಿ ಕ್ವೇಡ್ ಕುಡುಗೋಲಿನಂತೆ ಬಾಗಿಕೊಂಡು ಮಲಗಿದ್ದ. ನಲವತ್ತು ವರ್ಷ ಬಗ್ಗಿ ಉಣ್ಣೆ ಕತ್ತರಿಸಿದ ಬೆನ್ನು ನಿನ್ನೆ ಹಿಡಿದುಕೊಂಡದ್ದು ಇನ್ನೂ ಬಿಟ್ಟಿರಲಿಲ್ಲ. ಒಂದು ದಿನ ಸುಧಾರಿಸಿಕೊಂಡರೆ ಎದ್ದಾನು. ಆದರೆ ಇವತ್ತು ಜಾಗ ಹೋದರೆ, ಈ ವಯಸ್ಸಿನವನನ್ನು ಉಣ್ಣೆ ಕತ್ತರಿಸುವ ಇನ್ನಾವ ಶೆಡ್ಡಿನವನೂ ಬಾ ಅನ್ನುವುದಿಲ್ಲ.

ಉಣ್ಣೆ ಕತ್ತರಿಸುವವರ ಸಂಘದ ಪ್ರತಿನಿಧಿ ಪರ್ಸಿ ಗಿಲ್ಲಮ್‌ಗೆ ಮೈ ಉರಿದುಹೋಯಿತು. ಗಂಟೆಗೆ ಇನ್ನು ಹತ್ತೇ ನಿಮಿಷ.

"ಯಜಮಾನ್ರೇ, ಇವತ್ಯಾಕೋ ಕುರಿ ಒದ್ದೆ ಇರೋ ಹಾಗದೆ," ಅಂದ.

"ಒದ್ದೇನಾ? ಡಾರ್ಲಿಂಗ್ ನದಿ ದಂಡೇಲಿ ಹನ್ನೊಂದು ತಿಂಗ್ಳಿಂದ ಒಂದು ಹನಿ ಬಿದ್ದಿಲ್ಲ ಕಣೋ ಬಡ್ಡೀಮಗ್ನೇ!"

"ಅದನ್ನ ನೀವೂ ಹೇಳಂಗಿಲ್ಲ, ಮೋಡಾನೂ ಹೇಳಂಗಿಲ್ಲ. ಚೀಟಿ ಹೇಳ್ಬೇಕು."

ಮಾತು ಕಾನೂನಿನದೇ. ಒದ್ದೆ ಉಣ್ಣೆ ಕತ್ತರಿಸಿದರೆ ಕೀಲು ಹಿಡಿಯುತ್ತದೆ, ಮೈತುಂಬ ಕುರು ಏಳುತ್ತದೆ. ಹಾಗಾಗಿ ಕುರಿ ಒದ್ದೆಯೋ ಒಣಗಿದೆಯೋ ಅಂತ ಕತ್ತರಿಸುವವರೇ ಗುಟ್ಟಾಗಿ ಚೀಟಿ ಹಾಕಿ ಹೇಳಬೇಕು. ಒದ್ದೆ ಅಂತಾದರೆ ಆ ದಿನ ಗಂಟೆಯೇ ಇಲ್ಲ. ಗಂಟೆ ಇಲ್ಲದ ಮೇಲೆ ಯಾರ ಜಾಗವೂ ಹೋಗುವುದಿಲ್ಲ.

ಹೇವರ್‌ಸ್ಟಾಕ್ ಓಡಿಹೋಗಿ ಒಂದು ಟಗರನ್ನು ಕಾಲು ಹಿಡಿದು ಎಳೆದುತಂದ. "ಮುಟ್ರೋ! ಮುಟ್ಟಿ ನೋಡ್ರೋ!" ಅನ್ನುತ್ತ ಅದರ ಬೆನ್ನಿಗೆ ರಪರಪ ಬಡಿದ. ಕೆಂಪು ಧೂಳು ಎದ್ದು ಗುಡಿಸಲೇ ಕಾಣದಾಯಿತು. ಬಡಿದವನೇ ನಾಲ್ಕು ಸಲ ಸೀನಿದ.

"ಅಯ್ಯೋ ಪಾಪ," ಅಂದ ಪರ್ಸಿ. "ಮುಟ್ಟಿದ್ದಕ್ಕೇ ನೆಗಡಿ ಆಯ್ತು. ಎಂಥಾ ಥಂಡಿ ಕುರಿ ನೋಡಿ."

ಯಜಮಾನ ಟಗರು ಹಿಡಿದು ಬಾಗಿಲ ಹೊರಗೆ ನಿಂತ. ಚೀಟಿ ಹಾಕಲು ಚಹಾದ ಖಾಲಿ ಡಬ್ಬಿ ಹನ್ನೊಂದು ಜನರ ಕೈಯಲ್ಲಿ ಸುತ್ತಿತು. ಕೊನೆಗೆ ಪರ್ಸಿ ಅದನ್ನೂ ಪೆನ್ಸಿಲ್ಲನ್ನೂ ಮಂಚದ ಹತ್ತಿರ ಒಯ್ದ. ಡಿನ್ನಿ ಪೆನ್ಸಿಲ್ಲನ್ನೇ ದುರುಗುಟ್ಟಿ ನೋಡಿದ.

"ಈ ಚೀಟಿಗೋಸ್ಕರ ಮುಷ್ಕರ ಮಾಡಿ ಮೂರು ವರ್ಷ ಜೈಲಲ್ಲಿ ಕಲ್ಲು ಒಡ್ದೋನು ನಾನು. ಇದ್ರಲ್ಲಿ ಸುಳ್ಳು ಬರೀ ಅಂತೀಯೇನೋ?"

"ಮೆಲ್ಲಗೆ ಮಾತಾಡೋ ಮುದ್ಕಾ! ನಿನ್ಗೋಸ್ಕರಾನೇ ಅಲ್ವಾ ಇದೆಲ್ಲ?"

ಎಣಿಸಿದರೆ ಒದ್ದೆ ಹನ್ನೊಂದು, ಒಣ ಒಂದು. ಆ ಒಂದರಲ್ಲಿ ಕಾಗದ ಹರಿಯುವಷ್ಟು ಒತ್ತಿ ಬರೆದಿತ್ತು. ಯಾರ ಕೈ ಅಂತ ಪರ್ಸಿಗೆ ತಿಳಿಯಿತು. ಥೂ, ಇವನ ಸತ್ಯಕ್ಕಿಷ್ಟು ಬೆಂಕಿ ಹಾಕ ಅಂತ ಒಳಗೊಳಗೇ ಬೈದುಕೊಂಡ.

ಒಣ ಅಂತಲೂ ಒಂದು ಚೀಟಿ ಬಂದದ್ದು ಕೇಳಿ ಹೇವರ್‌ಸ್ಟಾಕನ ಮುಖ ಅರಳಿತು. "ಇವತ್ತು ಬಚಾವಾದ್ರಿ. ನಾಳೆ ಆ ಮುದುಕನ್ನ ಓಡಿಸದಿದ್ರೆ ಕೇಳಿ! ಆದ್ರೂ ಈ ಕಳ್ರ ಗುಂಪಲ್ಲಿ ಒಬ್ಬ ಗಂಡಸವ್ನೆ. ಒಣ ಅಂತ ಬರ್ದೋನು ಮುಂದೆ ಬಾ! ಈ ಶೆಡ್ ನಿಂತಿರೋ ತನಕ ಅವ್ನ ಜಾಗ ಅವ್ನದೇ. ಎಲ್ರ ಎದುರಿಗೇ ಹೇಳ್ತಿದೀನಿ, ದೇವ್ರಾಣೆ!"

ಹಿಂದಿನಿಂದ ಮಂಚ ಕಿರುಗುಟ್ಟಿತು.

"ನಾನೇ ಕಣಯ್ಯಾ ಬರ್ದಿದ್ದು," ಅಂದ ಡಿನ್ನಿ. ಇಬ್ಬರ ಹೆಗಲು ಹಿಡಿದು, ಮೂಗು ಮಂಡಿಗೆ ತಾಗುವಷ್ಟು ಬಗ್ಗಿಕೊಂಡೇ ಮುಂದೆ ಬಂದ.

ಪರ್ಸಿಗೆ ನಗು ತಡೆಯಲಾಗಲಿಲ್ಲ. ಉಳಿದವರಂತೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದರು. ಹೇವರ್‌ಸ್ಟಾಕ್ ಡಿನ್ನಿಯ ಕಡೆ ಬೆರಳು ಮಾಡಿದ.

"ಇವ್ನು... ಇವ್ನ ಕೈಲಿ ಬಗ್ಗೋಕೂ ಆಗಲ್ವಲ್ಲೋ!"

"ಬಗ್ಗೇ ಇದೀನಲ್ಲಯ್ಯಾ. ಏಳೋದೇ ಕಷ್ಟ."

ಹೇವರ್‌ಸ್ಟಾಕ್ ಹಲ್ಲು ಕಡಿದ. "ಆಯ್ತು. ಒಣ ಅಂದೋನಲ್ವಾ ನೀನು? ಹಿಡಿ ಕತ್ತರಿ. ಈಗ್ಲೇ ಕತ್ತರಿಸು ಈ ಕುರಿನ!"

ಡಿನ್ನಿ ಟಗರಿನ ಬೆನ್ನ ಮೇಲೆ ಕೈಯಾಡಿಸಿದ. ಮತ್ತೊಮ್ಮೆ ಧೂಳೆದ್ದಿತು.

"ನಾನು ಒಣ ಅಂದೆ, ನಿಜ. ಹನ್ನೊಂದು ಜನ ಒದ್ದೆ ಅಂದವ್ರೆ. ಸಂಘ ಒದ್ದೆ ಅಂದ್ಮೇಲೆ ಒದ್ದೆ," ಅಂದವನೇ ಹೇವರ್‌ಸ್ಟಾಕನ ಹೊಸ ಕೋಟಿನ ತುದಿ ಎಳೆದುಕೊಂಡು ಕುರಿಯ ಮೈಯನ್ನು ಚೆನ್ನಾಗಿ ಒರೆಸತೊಡಗಿದ.