ನನ್ನ ಬಾಯಿ ಕಟ್ಟಿದ ಭಾನುವಾರ

ನಾನು ಒಂದು ಕಂಪ್ಯೂಟರ್. ಹುಟ್ಟಿದ್ದು ಯಾವುದೋ ಕಾರ್ಖಾನೆಯ ಸಾಲಿನಲ್ಲಿ. ಹಿಂದೆ ಮುಂದೆ ನನ್ನಂಥವೇ ಸಾವಿರ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಆರು ವರ್ಷ ಒಂದು ಕಚೇರಿಯಲ್ಲಿ ದುಡಿದೆ. ಹಳತಾದೆನೆಂದು ಬ್ಯಾಡಗಿ ಸೀಮೆಯ ಒಂದು ಅಂಧ ಮಕ್ಕಳ ಶಾಲೆಗೆ ದಾನ ಕೊಟ್ಟರು. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದಂತೆ. ಅಲ್ಲಿನ ಫಕ್ಕೀರಪ್ಪ ಮಾಸ್ತರರು ಎಣಿಸಲಿಲ್ಲ. ನನಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಸಿ, ಪರದೆಯಲ್ಲಿದ್ದುದನ್ನು ಓದಿ ಹೇಳುವ ದನಿ ಕೊಡಿಸಿದರು.

ಹನ್ನೆರಡನೇ ವಯಸ್ಸಿಗೆ ಕಣ್ಣು ಕಳೆದುಕೊಂಡವರು ಅವರು. ಎರಡು ವರ್ಷ ಕೂತು ಹತ್ತನೇ ತರಗತಿಯ ಪಾಠಗಳನ್ನೆಲ್ಲ ನನ್ನೊಳಗೆ ಟೈಪು ಮಾಡಿದರು. ಬ್ರೈಲ್ ಅಚ್ಚು ಹಾಕಿಸುವುದಷ್ಟೇ ಬಾಕಿ. ಪರೀಕ್ಷೆಗೆ ಇನ್ನು ಒಂದೇ ತಿಂಗಳು.

ಆ ಭಾನುವಾರ ಕರೆಂಟು ಫಕ್ಕನೆ ಹೋಯಿತು, ಬಂತು, ಮತ್ತೆ ಹೋಯಿತು. ಅದು ಮರಳಿ ಬಂದು ಏಳುವಾಗ ನಾನು ಅರ್ಧಕ್ಕೇ ನಿಂತೆ. ಡಿಸ್ಕಿನಲ್ಲಿ ಯಾವುದು ಎಲ್ಲಿದೆಯೆಂಬುದೇ ನನಗೆ ತಿಳಿಯದಾಯಿತು. ಏನು ಮಾಡಬೇಕೆಂದು ಪರದೆಯ ಮೇಲೆ ಬರೆದೆ. ಆದರೆ ನನ್ನ ದನಿ ಏಳುವುದು ನಾನು ಪೂರ್ತಿ ಎದ್ದ ಮೇಲೆಯೇ. ಕಣ್ಣಿಲ್ಲದವರ ಎದುರು ಬರೆದುಕೊಂಡು ಕೂತ ನನ್ನ ಚಡಪಡಿಕೆಯನ್ನು ಯಾರಿಗೆ ಹೇಳಲಿ!

ಮಾಸ್ತರರು ರಿಪೇರಿಯವನಿಗೆ ಫೋನು ಮಾಡಿದರು. "ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ. ಪಾಠ ಗೀಠ ಉಳಿಯಂಗಿಲ್ಲ," ಎಂದ ಅವನು. ಅವರು ಫೋನು ಇಟ್ಟರು. ನನಗಂತೂ ಜೀವ ಬಾಯಿಗೆ ಬಂತು.

ಅಂದು ಶಾಲೆಯಲ್ಲಿ ಕಣ್ಣಿದ್ದವಳು ಅಡುಗೆಯ ದ್ಯಾಮವ್ವ ಒಬ್ಬಳೇ. ಪರದೆಯ ಮೇಲೆ ಏನಿದೆ ನೋಡೆಂದು ಅವಳನ್ನೇ ಕೂಗಿ ಕರೆದರು.

"ಬಿಳೀ ಅಕ್ಷರ ಭಾಳ ಅದಾವ್ರೀ ಮಾಸ್ತರ. ಓದಾಕ ನಾ ಸಾಲಿ ಮೆಟ್ಲಾ ಹತ್ತಿದಾಕಿ ಅಲ್ಲ."

"ಓದಬ್ಯಾಡವ್ವ. ಕಂಡಂಗ ನನ್ನ ಅಂಗೈ ಮ್ಯಾಲ ಗೀರು."

ರೊಟ್ಟಿ ಹಿಟ್ಟು ಮೆತ್ತಿದ ಬೆರಳಿನಿಂದ ದ್ಯಾಮವ್ವ ಗೀರಿದಳು. ಅವರಿಗೆ ಎದುರಾಗಿ ನಿಂತು, ಕತ್ತು ಹೊರಳಿಸಿ ನನ್ನನ್ನು ನೋಡುತ್ತ ಗೀರಿದ್ದರಿಂದ ಅಕ್ಷರಗಳೆಲ್ಲ ತಲೆಕೆಳಗು. ತಪ್ಪು, ತಪ್ಪು ಎಂದು ಕಿರುಚಬೇಕೆನಿಸಿತು ನನಗೆ. ಐದಾರು ಅಕ್ಷರ ಆದಮೇಲೆ ಮಾಸ್ತರರಿಗೆ ಹೊಳೆಯಿತು. "ಈ ಕಡೆ ಬಾ, ನನ್ನ ಬಾಜೂ ಕುಂದ್ರು," ಎಂದರು. ಹುಡುಗನಾಗಿದ್ದಾಗ ಕಂಡ ಇಂಗ್ಲಿಷ್ ಅಕ್ಷರಗಳು ಈಗ ಅಂಗೈಯಲ್ಲಿ ಒಂದೊಂದಾಗಿ ಎದ್ದವು. ಎಫ್, ಎಸ್, ಸಿ, ಕೆ. ಡಿಸ್ಕನ್ನು ತಪಾಸಣೆ ಮಾಡು ಎಂದು ನಾನು ಬೇಡುತ್ತಿದ್ದ ಆಜ್ಞೆ ಅದೇ!

ಮಾಸ್ತರರು ಅದನ್ನು ಟೈಪು ಮಾಡಿದರು. "ಇದು ಕೆಟ್ಟಿದೆ, ಸರಿಪಡಿಸಲೇ?" ಎಂದು ನಾನು ಹೆಜ್ಜೆಹೆಜ್ಜೆಗೂ ಪರದೆಯಲ್ಲಿ ಕೇಳುತ್ತಿದ್ದೆ. ಮೊದಲ ಪ್ರಶ್ನೆಯನ್ನು ಅವರು ಅಂಗೈಯಲ್ಲೇ ಓದಿಕೊಂಡರು. ಮುಂದೆ ಹೊಸ ಸಾಲು ಮೂಡಿದಾಗಲೆಲ್ಲ ದ್ಯಾಮವ್ವ ಅವರ ಭುಜ ತಟ್ಟುವಳು, ಅವರು ಹೌದೆಂದು ಕೀಲಿ ಒತ್ತುವರು. ಒಲೆಯ ಮೇಲೆ ಬೇಳೆ ಸೀದು ನಾತ ಬಂದರೂ ಇಬ್ಬರೂ ಏಳಲಿಲ್ಲ.

ಕೊನೆಗೆ ನನ್ನ ದನಿ ಬಂತು. ಪಾಠಗಳೂ ಸಿಕ್ಕವು. ಆದರೆ ಅವುಗಳ ಹೆಸರೆಲ್ಲ ಅಳಿಸಿ ಬರೀ ಅಂಕಿ ಉಳಿದಿತ್ತು. ಮಾಸ್ತರರು ಒಂದೊಂದನ್ನೂ ನನ್ನಿಂದ ಓದಿಸಿ ಕ್ರಮವಾಗಿ ಜೋಡಿಸಿದರು, ಎಲ್ಲಕ್ಕೂ ಒಂದೇ ಹೆಸರಿಟ್ಟು, ಅದರ ಮುಂದೆ ಪಾಠದ ಸಂಖ್ಯೆ ಹಾಕಿ ಅಚ್ಚಿಗೆ ಕಳಿಸಿದರು. ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಪುಸ್ತಕ ಮಕ್ಕಳ ಕೈಸೇರಿತು.

ಈಗ ನಾನು ಉಗ್ರಾಣದಲ್ಲಿದ್ದೇನೆ. ಹೊಸ ಕಂಪ್ಯೂಟರ್ ಬಂದಿದೆ. ದ್ಯಾಮವ್ವ ಕೈಲಾಗದೆ ಮಗಳ ಮನೆ ಸೇರಿದಳು. ಅವಳಿಗೆ ಇಂದಿಗೂ ಒಂದಕ್ಷರ ಓದಲು ಬಾರದು. ನನಗೆ ಮಾತ್ರ ಇಲ್ಲೂ ನೆಮ್ಮದಿಯಿಲ್ಲ, ಗೋಡೆಯಾಚೆಯ ತರಗತಿಗೆ ಕಿವಿಗೊಟ್ಟೇ ಇರುತ್ತೇನೆ. ಅವಳನ್ನು ಅರಿಯದ, ಅವಳ ಕೈರೊಟ್ಟಿ ತಿನ್ನದ ಮಕ್ಕಳು ಅಲ್ಲಿ ಪುಟದ ಮೇಲೆ ಬೆರಳಾಡಿಸುತ್ತ ಒಬ್ಬರನ್ನೊಬ್ಬರು ಕೇಳುತ್ತಾರೆ:

"ದ್ಯಾಮವ್ವ ಹದಿನೇಳು ಬಾಯಿಪಾಠ ಬಂತೇನಲೇ?"